ಸ್ವಾತಂತ್ರ್ಯ ನೋಡಲು ಹೊರಟವರ ಪಟ್ಟಿ

ನಮ್ಮ ಓದುಬಳಗದ ಹುಡುಗರು ಆಗಸ್ಟ್ ತಿಂಗಳಾಗ ಒಂದು ದಿನ ಸ್ವಾತಂತ್ರ್ಯದ ಮ್ಯೂಸಿಯಂ ನೋಡಾಕ ಹೋಗೋಣ ಅಂತ ಗಂಟುಬಿದ್ದರು. ಮೂವತ್ತೆರಡು ಮಂದಿ, ಒಂದು ಬಾಡಿಗೆ ಬಸ್ಸು, ಬುತ್ತಿ ಅವರವರದು. ಎಲ್ಲಿಗೆ ಅನ್ನೂದನ್ನ ಮಾತ್ರ ನನಗೆ ಬಿಟ್ಟರು. ನಾನು ಒಂದು ರಾತ್ರಿ ಕೂತು ಪಟ್ಟಿ ಮಾಡಿ, ಮರುದಿನ ಓದಿ ಹೇಳಿದೆ. ಎಲ್ಲರೂ ಒಪ್ಪಿದರು. ಕಡೇ ಸಾಲಿನಲ್ಲಿ ಕೂತಿದ್ದ ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಹುಬ್ಬಳ್ಳಿ ಎಲ್ಲಾ ಅಡ್ಡಾಡಿದಂಗ ಆತು. ನಮ್ಮ ಸೆಟ್ಲಮೆಂಟ್ ಯಾಕ ಬರಂಗಿಲ್ಲರೀ ಇದರಾಗ?’

ನನ್ನಲ್ಲಿ ಉತ್ತರ ಇರಲಿಲ್ಲ. ಈ ವಿಶೇಷ ಸಂಚಿಕೆಗೆ ದಲಿತ ವಿಮರ್ಶೆಯ ತಾತ್ವಿಕತೆ ಕುರಿತು ಬರೆಯಲು ಸಂಪಾದಕರು ಕೇಳಿ ತಿಂಗಳಾಗಿತ್ತು. ಬೇರೆಯವರ ಕಾದಂಬರಿ, ಕಾವ್ಯಗಳನ್ನು ಮುಂದಿಟ್ಟುಕೊಂಡು ಎಲ್ಲಿ ದಲಿತರನ್ನು ಬಿಟ್ಟಿದ್ದಾರೆ ಅಂತ ಹುಡುಕುವುದು ನಮಗೆ ರೂಢಿಯಾಗಿದೆ. ಈ ಸಲ ನಾನೇ ಬರೆದ ಒಂದು ಪುಟದ ಪಟ್ಟಿಯನ್ನು ಹಂಗ ಓದಬೇಕು ಅನಿಸಿತು.

ಹುಡುಗರ ಮೊದಲ ಆಸೆ ಬೆಂಗಳೂರಿನ ಫ್ರೀಡಂ ಪಾರ್ಕ್. ಹಳೆಯ ಸೆಂಟ್ರಲ್ ಜೈಲನ್ನೇ 2008ರಲ್ಲಿ ಉದ್ಯಾನ ಮಾಡಿ ಜನರಿಗೆ ತೆರೆದ ಜಾಗ ಅದು. ಕಾವಲು ಗೋಪುರ, ಬರಾಕುಗಳನ್ನು ಉಳಿಸಿಕೊಂಡಿದ್ದಾರೆ. ನಾಕುನೂರು ಕಿಲೋಮೀಟರು, ಎರಡು ರಾತ್ರಿಯ ಪಯಣ, ರೊಕ್ಕ ಹೊಂದಲಿಲ್ಲ. ಖರೇ ಅಂದರ ನಮ್ಮ ಸಂಘಟನೆಯವರಿಗೆ ಅದು ಮ್ಯೂಸಿಯಂ ಅಂತ ಗೊತ್ತೇ ಇಲ್ಲ, ಧರಣಿ ಕೂಡುವ ಜಾಗ ಅಂತಲೇ ಗೊತ್ತು. 2021ರ ಪೊಲೀಸ್ ಆದೇಶದ ಮೇಲಂತೂ ರಾಜಧಾನಿಯಲ್ಲಿ ಘೋಷಣೆ ಕೂಗಲು ಅದೊಂದೇ ಜಾಗ ಅಂತಾಯಿತು. ಜೈಲಿನ ಗೋಡೆಯ ಆಸರೆಯಲ್ಲಿ ಕೂತು ನ್ಯಾಯ ಕೇಳುವ ಗತಿ ಯಾಕೆ ಬಂತು ಅನ್ನುವುದು ಬೇರೆ ಲೇಖನದ ಮಾತು, ಬಿಡ್ರಿ.

ಆದರೆ ಆ ಜೈಲನ್ನು ಒಂದು ಕೃತಿಯಂತೆ ಓದಿದರೆ ಒಂದು ವಿಷಯ ತಿಳಿಯುತ್ತದೆ. ನಮ್ಮ ಸ್ವಾತಂತ್ರ್ಯದ ಕಥನದಲ್ಲಿ ಜೈಲು ನಾಯಕನ ತಪಸ್ಸಿನ ಜಾಗ. ಅವನು ತಿಳಿದೇ ಒಳಗೆ ಹೋಗುತ್ತಾನೆ, ಒಳಗೆ ಕೂತು ಬರೆಯುತ್ತಾನೆ, ಹೊರಬಂದ ದಿನ ಹಾರ ಬೀಳುತ್ತದೆ. 1975ರ ತುರ್ತುಪರಿಸ್ಥಿತಿಯಲ್ಲಿ ಅದೇ ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿಯವರ ಕಥೆಯನ್ನೂ ಹೀಗೇ ಹೇಳುತ್ತಾರೆ. ಒಳಹೋದ ತಾರೀಖು, ಹೊರಬಂದ ತಾರೀಖು ಎರಡೂ ಇರುವ ಜೈಲು ಮಾತ್ರ ಮ್ಯೂಸಿಯಂ ಆಗುತ್ತದೆ.

ನಾನು ಮಾಡಿದ ಪಟ್ಟಿಯೂ ಇದೇ ಅಚ್ಚಿನದು. ಮೊದಲು ಧಾರವಾಡದ ಜಕಣಿ ಬಾವಿ. 1921ರ ಜುಲೈ 1ರಂದು ಸೆರೆ ಅಂಗಡಿಯ ಮುಂದಿನ ಪಿಕೆಟಿಂಗ್ ವೇಳೆ ಪೊಲೀಸರು ಹಾರಿಸಿದ ಗುಂಡಿಗೆ ಮೂವರು ಸತ್ತರು, ಮೂವರೂ ಮುಸಲ್ಮಾನರು, ಖಿಲಾಫತ್ ಚಳವಳಿಯವರು. ಅವರ ನೆನಪಿನ ಜಾಗ ಇಂದಿಗೂ ಅಲ್ಲಿದೆ. ಇದನ್ನು ಪಟ್ಟಿಯ ತಲೆಗೆ ಇಟ್ಟದ್ದಕ್ಕೆ ನನಗೆ ನನ್ನ ಮೇಲೇ ಮೆಚ್ಚುಗೆ ಇತ್ತು. ನಂತರ ಹುಬ್ಬಳ್ಳಿಯ ದುರ್ಗದ ಬೈಲು, 1942ರ ಚಲೇಜಾವ್ ದಿನಗಳಲ್ಲಿ ಗುಂಡಿಗೆ ಬಲಿಯಾದ ಶಾಲೆಯ ಹುಡುಗ ನಾರಾಯಣ ಡೋಣಿ. ಆಮೇಲೆ ಬೆಂಗೇರಿ. 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣದಲ್ಲಿ ಹೆಣ್ಣುಮಕ್ಕಳು ದೇಶದ ಬಾವುಟ ಹೊಲಿಯುತ್ತಾರೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರಕ್ಕೂ ಪರವಾನಿಗೆ ಕೊಟ್ಟ ಮೇಲೆ ಅವರ ಕೈಕೆಲಸಕ್ಕೆ ಬಿದ್ದ ಪೆಟ್ಟನ್ನು ಹುಡುಗರಿಗೆ ತೋರಿಸಬೇಕೆಂಬ ಆಸೆ ನನಗಿತ್ತು. ವೇಳೆ ಉಳಿದರೆ ಕಿತ್ತೂರಿನ ಕೋಟೆ, ಅಲ್ಲಿಯ ಸರಕಾರಿ ವಸ್ತುಸಂಗ್ರಹಾಲಯ.

ಇದರ ನಡುವೆ ನಾನು ಹಟದಿಂದ ಸೇರಿಸಿದ್ದು ಧಾರವಾಡದ ಹಾಸ್ಟೆಲ್. 1928ರಲ್ಲಿ ಬಾಬಾಸಾಹೇಬರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಅದು ನಡೆಸಿದ ವಸತಿಗೃಹಗಳಲ್ಲಿ ಕನ್ನಡ ಸೀಮೆಗೆ ಸಿಕ್ಕದ್ದು ಧಾರವಾಡದ್ದು. ಬಳವಂತರಾವ ವರಾಳೆಯವರು ಅದನ್ನು ನೋಡಿಕೊಂಡರು. ಹಾಸ್ಟೆಲಿನ ಅನ್ನ ಉಂಡು ಅಕ್ಷರ ಕಲಿತ ತಲೆಮಾರು ನಂದು. ನವಲಗುಂದ ಕಡೆಯ ಹಳ್ಳಿಯಿಂದ ಒಂದು ಟ್ರಂಕು ಹೊತ್ತು ಈ ಊರಿಗೆ ಬಂದವನು ನಾನು. ಮುಖ್ಯಧಾರೆಯ ಚರಿತ್ರೆ ಬಿಟ್ಟದ್ದನ್ನು ತುಂಬಿಸಿದೆ, ಪಟ್ಟಿ ಪೂರ್ತಿ ಆಯಿತು ಅಂದುಕೊಂಡಿದ್ದೆ. ಆ ಹುಡುಗಿ ಕೇಳಿದ್ದು ಆಗ.

ಸೆಟ್ಲಮೆಂಟ್ ಅಂದರೆ ಹುಬ್ಬಳ್ಳಿಯ ಒಂದು ಓಣಿಯ ಹೆಸರು ಅಂತಷ್ಟೇ ಇಂದಿನವರಿಗೆ ಗೊತ್ತು. ಆಟೋದವರೂ ಹಂಗೇ ಕರೀತಾರ. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ 1911ರಲ್ಲಿ ತಿದ್ದುಪಡಿಯಾಗಿ ಈ ಸೀಮೆಗೂ ಬಂತು. 1924ರಲ್ಲಿ ಮತ್ತೆ ಹೊಸದಾಯಿತು. ಇಂಥ ಜಾತಿಯಲ್ಲಿ ಹುಟ್ಟಿದವನು ಹುಟ್ಟಾ ಕಳ್ಳ ಅಂತ ಕಾಯಿದೆಯೇ ಹೇಳಿತು. ಮುಂಬಯಿ ಸರಕಾರ ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ತಂತಿಬೇಲಿ ಹಾಕಿ ಕುಟುಂಬ ಕುಟುಂಬಗಳನ್ನೇ ತಂದು ಇಟ್ಟಿತು. ಹೆಬ್ಬಟ್ಟಿನ ಗುರುತು, ಹಾಜರಿ, ಬೇಲಿ ದಾಟಲು ಪಾಸು. ಗಿರಣಿಗೂ ರೇಲ್ವೆ ವರ್ಕ್‌ಶಾಪಿಗೂ ಇಲ್ಲಿಂದಲೇ ಕೂಲಿ ಆಳು. ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಇಡುವ ಅಧಿಕಾರವನ್ನೂ ಕಾಯಿದೆ ಸರಕಾರಕ್ಕೆ ಕೊಟ್ಟಿತ್ತು. ಈ ಜೈಲಿಗೆ ಹೋಗಲು ಯಾರೂ ಸತ್ಯಾಗ್ರಹ ಮಾಡಬೇಕಿರಲಿಲ್ಲ. ತಾಯಿಯ ಹೊಟ್ಟೆಯಿಂದ ಬಂದರೆ ಸಾಕಿತ್ತು. ಒಳಹೋದ ತಾರೀಖು ಅಂದರೆ ಹುಟ್ಟಿದ ತಾರೀಖು.

ಹೊರಬಂದ ತಾರೀಖು? 1947ರ ಆಗಸ್ಟ್ 15ರಂದು ದುರ್ಗದ ಬೈಲಿನಲ್ಲಿ ಪೇಢೆ ಹಂಚುವ ಹೊತ್ತಿಗೂ ಈ ಕಾಯಿದೆ ಜೀವಂತ ಇತ್ತು. ಮುಂಬಯಿ ಪ್ರಾಂತದಲ್ಲಿ ಅದು ರದ್ದಾದದ್ದು 1949ರಲ್ಲಿ. ಇಡೀ ದೇಶದಲ್ಲಿ ಹೋದದ್ದು 1952ರ ಆಗಸ್ಟ್ 31ಕ್ಕೆ, ಅಂದರೆ ಸಂವಿಧಾನ ಜಾರಿಗೆ ಬಂದು ಎರಡೂವರೆ ವರ್ಷ ಆದ ಮೇಲೆ.

ಇಲ್ಲಿ ನಮ್ಮ ಸಾಹಿತ್ಯದ ಕಡೆಗೂ ಒಂದು ಮಾತು. ನಲವತ್ತೇಳರ ಸ್ವಾತಂತ್ರ್ಯವನ್ನು ಪ್ರಶ್ನಿಸಿ ಸಿದ್ಧಲಿಂಗಯ್ಯನವರು ಬರೆದ ಹಾಡನ್ನು ತಮಟೆ ಬಡಿದು ಹಾಡದ ದಲಿತ ಸಭೆಯಿಲ್ಲ. ನಾನೂ ದನಿ ಕೂಡಿಸಿದವನೇ. ಸ್ವಾತಂತ್ರ್ಯದ ಫಲ ಯಾರ ಮನೆ ಸೇರಿತು ಅನ್ನುವ ಸಿಟ್ಟು ಆ ಹಾಡಿನ ಶಕ್ತಿ, ಅದು ನಮ್ಮ ತಲೆಮಾರಿನ ಕಣ್ಣು ತೆರೆಸಿತು. ಆದರೆ ಆ ಪ್ರಶ್ನೆಯನ್ನು ನಾವು ರೂಪಕದಂತೆ ಹಾಡಿಕೊಂಡೆವು. ಸೆಟ್ಲಮೆಂಟಿನವರಿಗೆ ಅದು ರೂಪಕ ಆಗಿರಲಿಲ್ಲ. ಅವರಿಗೆ ನಲವತ್ತೇಳರಲ್ಲಿ ಸ್ವಾತಂತ್ರ್ಯ ಬರಲಿಲ್ಲ ಅನ್ನುವುದು ದಾಖಲೆಯ ಮಾತು, ಎರಡು ವರ್ಷದ ಹಾಜರಿ ಪುಸ್ತಕದ ಲೆಕ್ಕ. ಈ ಊರಲ್ಲಿ ಮೂವತ್ತು ವರ್ಷ ಆ ಹಾಡು ಹಾಡಿದ ನನಗೆ ಆ ಲೆಕ್ಕ ಹೊಳೆದಿರಲಿಲ್ಲ.

ಇನ್ನೂ ನಾಚಿಕೆಯ ಸಂಗತಿ ಇದೆ. 1928ರಲ್ಲಿ ಮುಂಬಯಿ ಸರಕಾರ ದಲಿತ ಹಾಗೂ ಆದಿವಾಸಿಗಳ ಸ್ಥಿತಿ ತಿಳಿಯಲು ನೇಮಿಸಿದ ಸಮಿತಿಯ ಅಧ್ಯಕ್ಷ ಸ್ಟಾರ್ಟ್ ಎಂಬ ಅಧಿಕಾರಿ. ಈ ಸೆಟ್ಲಮೆಂಟುಗಳ ಉಸ್ತುವಾರಿ ಇದ್ದದ್ದು ಆತನ ಕೈಯಲ್ಲೇ. ಆ ಸಮಿತಿಯಲ್ಲಿ ಅಂಬೇಡ್ಕರರೂ ಸದಸ್ಯರಾಗಿದ್ದರು. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದ ಮುನ್ನುಡಿಯಲ್ಲಿ ಅವರು ಅಸ್ಪೃಶ್ಯರ ಜೊತೆಗೇ ಈ ‘ಅಪರಾಧಿ’ ಬುಡಕಟ್ಟುಗಳನ್ನೂ ಎಣಿಸಿ, ಇಂಥವರನ್ನು ಹುಟ್ಟಿಸಿದ ನಾಗರಿಕತೆ ಎಂಥದು ಅಂತ ಕೇಳಿದ್ದಾರೆ. ಧಾರವಾಡದ ಹಾಸ್ಟೆಲಿಗೂ ಹುಬ್ಬಳ್ಳಿಯ ತಂತಿಬೇಲಿಗೂ ನಡುವೆ ಇಪ್ಪತ್ತು ಕಿಲೋಮೀಟರು. ಬಾಬಾಸಾಹೇಬರು ಎರಡನ್ನೂ ಒಂದೇ ಪ್ರಶ್ನೆಯೊಳಗೆ ಕಂಡಿದ್ದರು. ಆ ಮುನ್ನುಡಿಯನ್ನು ಪಾಠ ಮಾಡಿದವನು ನಾನು. ನನ್ನ ಜಾತಿಯ ಹೆಸರು ಬರುವ ಸಾಲಿಗೆ ಗೆರೆ ಎಳೆದು ಮುಂದೆ ಹೋಗಿದ್ದೆ. ಮೇಲ್ಜಾತಿಯ ವಿಮರ್ಶಕ ಹಿಂಗ ಮಾಡಿದ್ದರೆ ನಾನು ಏನು ಬರೀತಿದ್ದೆ ಅನ್ನೂದನ್ನ ಓದುಗರೇ ಊಹಿಸಬಹುದು.

ಕಾಯಿದೆ ಹೋಯಿತು, ಹೆಸರು ಹೋಗಲಿಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಅಂತಲೇ ಇದೆ. ಮೀಸಲಾತಿ ಬೇಕಾದರೆ ಮಗು ‘ಚೋರ್’ ಅಂತ ಬರೆದ ಸರ್ಟಿಫಿಕೇಟು ಹಿಡಿದು ಶಾಲೆಗೆ ಹೋಗಬೇಕು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳಂತೆ ಕಾಣುವುದನ್ನೂ ಅದೇ ತೀರ್ಪಿನಲ್ಲಿ ಖಂಡಿಸಿತು. ಜಾತಿ ಪಟ್ಟಿಯ ಅಕ್ಷರ ಮಾತ್ರ ಹಂಗೇ ಇದೆ.

ಸರಿ, ಪಟ್ಟಿಗೆ ಸೆಟ್ಲಮೆಂಟ್ ಸೇರಿಸಿಬಿಡೋಣ ಅಂತ ಒಂದು ಸಂಜೆ ಆ ಹುಡುಗಿಯ ಜೊತೆ ಅಲ್ಲಿಗೆ ಹೋದೆ. ಚಿಗರಿ ಬಸ್ಸು ಇಳಿದು ನಡೆದೇ ಹೋದೆವು. ಅವಳ ಓಣಿಯ ಹಿರಿಯ ಹೆಣ್ಣುಮಗಳೊಬ್ಬರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ವಿಷಯ ತಿಳಿಸಿದೆ. ಮೂವತ್ತೆರಡು ಹುಡುಗರು ಬರ್ತಾರ, ನೀವು ತಂತಿಯ ಕಾಲದ್ದು ನಾಕು ಮಾತು ಹೇಳಬೇಕು ಆಯಿ ಅಂದೆ.

ಅವರು ಮೊರ ಬದಿಗಿಟ್ಟು ನನ್ನನ್ನು ನೋಡಿದರು. ‘ಅಲ್ಲೋ ತಮ್ಮಾ, ನಾ ಸಣ್ಣಾಕಿ ಇದ್ದಾಗ ನಮ್ಮಪ್ಪ ಹಾಜರಿಗೆ ನಿಲ್ಲತಿದ್ದ. ಸಾಹೇಬ ಬಂದು ಎಣಿಸಿಕೊಂಡು ಹೋಗಾಂವ. ಈಗ ನೀ ಬಸ್ ತುಂಬ ಮಂದಿ ತಂದು ನಮ್ಮನ್ನ ನೋಡ್ಸಾಂವ ಏನು? ನಿಂದರಂಗಿಲ್ಲ ನಾ.’

ನಾನು ಸುಮ್ಮನೆ ಕೂತೆ. ಮ್ಯೂಸಿಯಂನಲ್ಲಿ ಯಾವುದು ಬಿಟ್ಟುಹೋಗಿದೆ ಅಂತ ಹುಡುಕುವುದು, ಅದನ್ನು ತಂದು ಗಾಜಿನೊಳಗೆ ಇಡುವುದು, ಇಷ್ಟೇ ನಮ್ಮ ವಿಮರ್ಶೆಯ ಕೆಲಸ ಅಂತ ನಾನು ತಿಳಿದಿದ್ದೆ. ಗಾಜಿನೊಳಗೆ ನಿಲ್ಲಲು ಅವರಿಗೆ ಮನಸ್ಸಿದೆಯೇ ಅಂತ ಕೇಳಿರಲಿಲ್ಲ. ಎಣಿಸುವವನು ಬದಲಾದರೂ ಹಾಜರಿ ಹಾಜರಿಯೇ. ದಲಿತ ಬದುಕನ್ನು ‘ವಸ್ತು’ ಅಂತ ಕರೆದು ವಿಚಾರಸಂಕಿರಣದಲ್ಲಿ ಪ್ರಬಂಧ ಮಂಡಿಸಿದ ದಿನಗಳು ಸಾಲಾಗಿ ನೆನಪಿಗೆ ಬಂದವು.

ಹುಡುಗಿಯೇ ಮಾತು ಮುಂದುವರಿಸಿದಳು. ‘ನೋಡಾಕ ಅಲ್ಲ ಆಯಿ. ನೀ ನಮ್ಮ ಜೋಡಿ ಬಾ. ಬೆಂಗೇರ್ಯಾಗ ಝೇಂಡಾ ಹೊಲಿತಾರಂತ, ನೋಡಿ ಬರೋಣ.’

‘ಝೇಂಡಾ ಹೊಲಿಯೂದು ನಾ ಒಮ್ಮೀನೂ ನೋಡಿಲ್ಲ ನೋಡು,’ ಅಂದರು ಆಯಿ. ಸ್ವಲ್ಪ ಹೊತ್ತು ಬಿಟ್ಟು, ‘ಎಷ್ಟು ಹೊತ್ತಿಗೆ ಬರ್ತೈತಿ ಬಸ್ಸು?’ ಅಂತ ಕೇಳಿದರು.

ಹಳೆಯ ಪಟ್ಟಿಯನ್ನು ಹರಿದು ಹೊಸದು ಬರೆದಿದ್ದೇವೆ. ಕಿತ್ತೂರು ಬಿಟ್ಟೆವು, ಅದಕ್ಕೆ ಬೇರೆ ದಿನವೇ ಬೇಕು. ತಾರೀಖನ್ನು ಆಗಸ್ಟ್ 15ರಿಂದ 31ಕ್ಕೆ ಸರಿಸಿದೆವು. ಜಕಣಿ ಬಾವಿಯ ಹತ್ತಿರ ಇಳಿದಾಗ ಹುತಾತ್ಮರ ಹೆಸರಿನ ಜೊತೆ ಇನ್ನೊಂದನ್ನೂ ವಿಚಾರಿಸಿಕೊಂಡು ಬರಬೇಕು ಅಂತ ಇಬ್ಬರು ಹುಡುಗರಿಗೆ ಹೇಳಿದ್ದೇನೆ: 1921ರಲ್ಲಿ ಊರ ಬಾವಿಗಳ ನೀರು ಯಾರು ಸೇದುತ್ತಿದ್ದರು, ಯಾರು ದೂರ ನಿಂತು ಕೊಡ ಹಿಡಿಯುತ್ತಿದ್ದರು. ಸೆಟ್ಲಮೆಂಟಿನೊಳಗೆ ಬಸ್ಸು ಹೋಗುವುದಿಲ್ಲ. ರಸ್ತೆಯ ತುದಿಗೆ ನಿಲ್ಲುತ್ತದೆ, ಅಲ್ಲಿಂದಲೇ ಹೊರಡುತ್ತದೆ. ಅಲ್ಲಿಂದ ಆಯಿಯ ಜೊತೆ ಮತ್ತೊಬ್ಬ ಅಜ್ಜನೂ ಹತ್ತುತ್ತಾರಂತೆ. ಮುಂದಿನ ಎರಡು ಸೀಟು ಅವರಿಗೆ ಹಿಡಿದಿಟ್ಟಿದ್ದೇವೆ. ಆಯಿಗೆ ಬಸ್ಸಿನಾಗ ಹೊಟ್ಟಿ ತೊಳಸ್ತೈತಂತ, ಲಿಂಬಿಹಣ್ಣು ತರೂದು ನನ್ನ ಪಾಲಿಗೆ ಬಂದಿದೆ.