ಎಪ್ಪತ್ತೈದು ಲೀಟರಿನ ಸಂಸಾರ

ಮೊದಲ ರಾತ್ರಿಯೇ ಅಕ್ಕಿ ತೊಳೆದು ಕೆಟ್ಟೆವು. ಮೂರು ಸಲ ತೊಳೆದು ಚೆಲ್ಲದಿದ್ದರೆ ಅನ್ನವೇ ಆಗದು ಎಂದು ನಂಬಿದ ಕೈಗಳು, ಕೇಳಬೇಕಲ್ಲ. ಆಮೇಲೆ ಕುಕ್ಕರ್, ಎರಡು ತಟ್ಟೆ, ಸಾರಿನ ಪಾತ್ರೆ, ಸೌಟು. ಮಲಗುವ ಮುಂಚೆ ವ್ಯಾನಿನ ಗೋಡೆಯ ಮೇಲಿದ್ದ ಪುಟ್ಟ ಫಲಕದ ಗುಂಡಿ ಒತ್ತಿ ನೋಡಿದರೆ, 75 ಲೀಟರಿನ ಟ್ಯಾಂಕಿನಲ್ಲಿ ಕಾಲು ಭಾಗ ಆಗಲೇ ಮಾಯ. “ರೀ, ಇಲ್ಲಿ ಫೋನ್ ಮಾಡಿದ್ರೆ ಟ್ಯಾಂಕರ್ ಬರಲ್ಲ” ಅಂದಳು ನನ್ನಾಕೆ. ಬೆಂಗಳೂರಿನಲ್ಲಿ ಬೇಸಿಗೆ ಕಳೆದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ನಾವಿದ್ದದ್ದು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಫರ್ನೇಸ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿ, ಸಮುದ್ರ ಮಟ್ಟಕ್ಕಿಂತ 196 ಅಡಿ ಕೆಳಗೆ. 1913ರ ಜುಲೈ 10ರಂದು ಇದೇ ಫರ್ನೇಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಭೂಮಿಯ ಮೇಲಿನ ಗಾಳಿಯ ಉಷ್ಣಾಂಶದಲ್ಲಿ ಇವತ್ತಿಗೂ ಅಧಿಕೃತ ದಾಖಲೆ ಅದೇ. ವರ್ಷಕ್ಕೆ ಬೀಳುವ ಮಳೆ ಸರಾಸರಿ ಎರಡು ಇಂಚು. ಆಗುಂಬೆಯವರು ಅಷ್ಟನ್ನು ಮುಂಗಾರಿನ ಒಂದು ಮಧ್ಯಾಹ್ನದಲ್ಲಿ ನೋಡಿಬಿಡುತ್ತಾರೆ.

ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿಯುವವರೆಲ್ಲ ಮೊದಲು ಕೇಳುವುದು ಹಾಸಿಗೆ ಎಷ್ಟು ಅಗಲ, ಫ್ರಿಜ್ ಎಷ್ಟು ದೊಡ್ಡದು ಎಂದು. ಮರುಭೂಮಿಗೆ ಹೋಗುವವರು ಕೇಳಬೇಕಾದದ್ದು ಎರಡೇ: ಒಳ್ಳೆಯ ನೀರಿನ ಟ್ಯಾಂಕು ಎಷ್ಟು, ಬಚ್ಚಲ ನೀರಿನ ಟ್ಯಾಂಕು ಎಷ್ಟು. ಎರಡನೆಯದನ್ನು ಯಾರೂ ಕೇಳುವುದಿಲ್ಲ. ಒಳ್ಳೆಯ ನೀರನ್ನು ಕ್ಯಾಂಪ್‌ಗ್ರೌಂಡಿನ ನಲ್ಲಿಯಿಂದ ಮತ್ತೆ ತುಂಬಿಸಿಕೊಳ್ಳಬಹುದು. ಸಿಂಕಿನಿಂದ ಇಳಿದ ನೀರನ್ನು ಮಾತ್ರ ನೆಲಕ್ಕೆ ಬಿಡುವಂತಿಲ್ಲ, ಡಂಪ್ ಸ್ಟೇಷನ್‌ವರೆಗೆ ಹೊತ್ತುಕೊಂಡೇ ತಿರುಗಬೇಕು. ನಮ್ಮ ವ್ಯಾನಿನಲ್ಲಿ ಆ ಟ್ಯಾಂಕು ಮೊದಲನೆಯದರ ಅರ್ಧದಷ್ಟಿತ್ತು. ಅಕ್ಕಚ್ಚನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವ ಭಾಗ್ಯ ನಮ್ಮದಾಯಿತು.

ಎರಡನೇ ದಿನದಿಂದ ಮನೆವಾರ್ತೆ ಬದಲಾಯಿತು. ಬೆಳಿಗ್ಗೆ ಗೊಜ್ಜವಲಕ್ಕಿ: ಒಲೆ ಬೇಡ, ನೆನೆಸಿದ ನೀರನ್ನೆಲ್ಲ ಅವಲಕ್ಕಿಯೇ ಕುಡಿದುಬಿಡುತ್ತದೆ. ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಒಂದು ಲೋಟ ನೀರಿನಲ್ಲಿ ಜಾಲಿಸುವುದು. ಕುಡಿಯುವ ನೀರಿಗೆ ಮಾತ್ರ ಜಿಪುಣತನ ಇಲ್ಲ. ಅದಕ್ಕೆ ಬೇರೆಯೇ ಕ್ಯಾನುಗಳು, ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ. ಹೀಗೆ ಬದುಕಿದರೆ ಇಬ್ಬರಿಗೆ 75 ಲೀಟರು ಮೂರು ದಿನ ಧಾರಾಳ. ರಾತ್ರಿ ವ್ಯಾನನ್ನು ಸಮತಟ್ಟಾಗಿ ನಿಲ್ಲಿಸಿದ್ದೇವೋ ಇಲ್ಲವೋ ನೋಡಲು ನೂರೆಂಟು ಉಪಕರಣ ಮಾರುತ್ತಾರೆ. ನನಗೆ ಮೇಜಿನ ಮೇಲಿಟ್ಟ ಅರ್ಧ ಲೋಟ ನೀರು ಸಾಕು. ಅದೂ ಆಮೇಲೆ ಕುಡಿಯಲು ಬರುತ್ತದೆ.

ಕ್ಯಾಂಪ್‌ಗ್ರೌಂಡಿನಿಂದ ಸ್ವಲ್ಪ ದೂರದಲ್ಲೇ ಹಾರ್ಮನಿ ಬೋರಾಕ್ಸ್ ವರ್ಕ್ಸ್‌ನ ಅವಶೇಷಗಳಿವೆ. 1880ರ ದಶಕದಲ್ಲಿ ಇಲ್ಲಿಂದ ಬೋರಾಕ್ಸ್ ಹೇರಿಕೊಂಡ ಗಾಡಿಗಳು 165 ಮೈಲಿ ದೂರದ ಮೊಹಾವೆ ರೈಲು ನಿಲ್ದಾಣಕ್ಕೆ ಹೋಗುತ್ತಿದ್ದವು. ‘ಇಪ್ಪತ್ತು ಹೇಸರಗತ್ತೆ’ ಎಂದು ಹೆಸರು. ನಿಜಕ್ಕೂ ಇದ್ದದ್ದು ಹದಿನೆಂಟು ಹೇಸರಗತ್ತೆ, ಎರಡು ಕುದುರೆ. ದೊಡ್ಡ ಗಾಡಿ ಎರಡು, ಅವುಗಳ ಹಿಂದೆ ಕಟ್ಟಿದ ಮೂರನೆಯದು ನೀರಿನ ಟ್ಯಾಂಕು: 1,200 ಗ್ಯಾಲನ್, ಅಂದರೆ ಸುಮಾರು 4,500 ಲೀಟರ್. ಎಲ್ಲರೂ ಆ ಎತ್ತರದ ಚಕ್ರಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಆ ಟ್ಯಾಂಕಿನ ಮುಂದೆ ನಿಂತೆ. ಈ ಕಣಿವೆಯ ಮೊದಲ ಕ್ಯಾಂಪರ್ ವ್ಯಾನ್ ಇದೇ ಅನ್ನಿಸಿತು. ಲೆಕ್ಕ ನಮ್ಮದೇ, ಪ್ರಮಾಣ ಬೇರೆ.

ವಿಚಿತ್ರವೆಂದರೆ, ನೀರೇ ಇಲ್ಲದ ಈ ಊರಿನಲ್ಲಿ ಕಣ್ಣಿಗೆ ಬೀಳುವುದೆಲ್ಲ ನೀರಿನ ಕೆಲಸವೇ. ಗೋಲ್ಡನ್ ಕ್ಯಾನಿಯನ್ ಒಳಗೆ ನಡೆಯುವಾಗ ಅಲ್ಲಲ್ಲಿ ಮುರಿದ ಡಾಂಬರಿನ ಹಪ್ಪಳಗಳು ಕಾಣುತ್ತವೆ. ಒಂದು ಕಾಲಕ್ಕೆ ಇಲ್ಲಿ ಕಾರು ಹೋಗುವ ರಸ್ತೆಯೇ ಇತ್ತು, 1976ರ ಪ್ರವಾಹ ಅದನ್ನು ಎತ್ತಿ ಒಗೆಯಿತು. ನೆಲ ಹೀರಿಕೊಳ್ಳುವುದಿಲ್ಲ, ತಡೆಯಲು ಮರವಿಲ್ಲ. ಬೆಟ್ಟದ ಮೇಲೆ ಎಲ್ಲೋ ಸುರಿದದ್ದು ಗೋಡೆಯಂತೆ ಇಳಿದು ಬರುತ್ತದೆ. ಒಣಹಳ್ಳದಲ್ಲಿ ವ್ಯಾನ್ ನಿಲ್ಲಿಸಿ ಮಲಗಬಾರದು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಅವಶೇಷ ಒಂದೇ ದಿನ 2.2 ಇಂಚು ಸುರಿಸಿತು. ಪೂರಾ ಒಂದು ವರ್ಷದ ಮಳೆ. ರಸ್ತೆಗಳು ಕೊಚ್ಚಿಹೋಗಿ ಉದ್ಯಾನವನ್ನು ಅಕ್ಟೋಬರ್ ಮಧ್ಯದವರೆಗೆ ಮುಚ್ಚಬೇಕಾಯಿತು. ಉತ್ತರ ಅಮೆರಿಕದಲ್ಲೇ ಅತಿ ತಗ್ಗಾದ, ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗಿನ ಬ್ಯಾಡ್‌ವಾಟರ್‌ನಲ್ಲಿ ಕೆರೆ ನಿಂತಿತು. ಮುಂದಿನ ಫೆಬ್ರವರಿಯಲ್ಲಿ ಜನ ಅಲ್ಲಿ ಕಯಾಕ್ ತೇಲಿಸಿದರು. ಆ ತಿಂಗಳ ಕೊನೆಯಲ್ಲಿ ಬೀಸಿದ ಗಾಳಿ ಕೆರೆಯನ್ನೇ ಎರಡು ಮೈಲಿ ಉತ್ತರಕ್ಕೆ ತಳ್ಳಿತು.

ನಾವು ಹೋದಾಗ ಕೆರೆಯಿಲ್ಲ, ಉಪ್ಪು ಮಾತ್ರ. ಅದರ ಮೇಲೆ ನಡೆದರೆ ಹಬ್ಬದ ದಿನ ಚಕ್ಕುಲಿ ಮೆಟ್ಟಿದ ಸದ್ದು. ತಿರುಗಿ ಬಂಡೆಯ ಕಡೆ ನೋಡಿದರೆ ಬಹಳ ಮೇಲೆ ‘ಸಮುದ್ರ ಮಟ್ಟ’ ಎಂದು ಬರೆದ ಫಲಕ. ಕತ್ತೆತ್ತಿ ಸಮುದ್ರವನ್ನು ಹುಡುಕುವ ಅನುಭವ ಬೇರೆ ಎಲ್ಲಿ ಸಿಗುತ್ತದೋ ಕಾಣೆ.

ಬಸ್ಸಿನಷ್ಟು ಉದ್ದದ ಆರ್‌ವಿಗಳನ್ನು ನಾನು ಒಪ್ಪುವುದಿಲ್ಲ. ಕಾರಣ ರುಚಿಯದ್ದಷ್ಟೇ ಅಲ್ಲ. ಆರ್ಟಿಸ್ಟ್ಸ್ ಡ್ರೈವ್ ಎಂಬ ಒಂಬತ್ತು ಮೈಲಿಯ ಏಕಮುಖ ರಸ್ತೆಗೆ 25 ಅಡಿಗಿಂತ ಉದ್ದದ ಗಾಡಿಯನ್ನು ಬಿಡುವುದಿಲ್ಲ. ಗುಲಾಬಿ, ಹಸಿರು, ನೇರಳೆ ಬಣ್ಣದ ಆ ಗುಡ್ಡಗಳು ಸಂಜೆ ಐದರ ಬಿಸಿಲಿಗೆ ಕಾಯುತ್ತಿರುತ್ತವೆ. ದೊಡ್ಡ ಗಾಡಿಯವರು ಆ ಹೊತ್ತಿಗೆ ಕ್ಯಾಂಪಿನಲ್ಲಿ ಜನರೇಟರ್ ಓಡಿಸಿಕೊಂಡು ಟಿವಿ ನೋಡುತ್ತಿರುತ್ತಾರೆ.

ಸ್ಟವ್‌ಪೈಪ್ ವೆಲ್ಸ್‌ನಿಂದ ಟೌನ್ ಪಾಸ್‌ಗೆ ಸುಮಾರು 5,000 ಅಡಿ ಏರು. ಎಂಜಿನ್ ಕಾಯದಿರಲಿ ಎಂದು ಎ.ಸಿ. ಆರಿಸಲು ಹೇಳುವ ಫಲಕಗಳಿವೆ. ಇಳಿಯುವಾಗ ಬ್ರೇಕನ್ನೇ ನೆಚ್ಚಬಾರದು, ಗೇರ್ ಇಳಿಸಬೇಕು. ಚಾರ್ಮಾಡಿಯಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ, ಇಲ್ಲಿ ಮಂಜಿಲ್ಲ ಅಷ್ಟೆ.

ಕಣಿವೆಗೆ ಸಾವಿನ ಹೆಸರಿಟ್ಟವರು 1849ರಲ್ಲಿ ಚಿನ್ನದಾಸೆಗೆ ಅಡ್ಡದಾರಿ ಹಿಡಿದು ಇಲ್ಲಿ ಸಿಕ್ಕಿಬಿದ್ದ ದಾರಿಹೋಕರು. ತಲೆತಲಾಂತರದಿಂದ ಇಲ್ಲೇ ಬಾಳಿದ ಟಿಂಬಿಶಾ ಶೊಶೋನಿ ಜನಕ್ಕೆ ಆ ಹೆಸರು ಹಿಡಿಸುವುದಿಲ್ಲ. ಅವರ ಕ್ರಮ ಸರಳ: ಚಳಿಗಾಲಕ್ಕೆ ಕಣಿವೆಯ ಬುಗ್ಗೆಗಳ ಬಳಿ, ಬೇಸಿಗೆಗೆ ತಂಪಾದ ಬೆಟ್ಟಕ್ಕೆ. ಫರ್ನೇಸ್ ಕ್ರೀಕ್‌ನಲ್ಲಿ ಅವರ ಊರು ಈಗಲೂ ಇದೆ. 2000ನೇ ಇಸವಿಯ ಕಾಯಿದೆಯಿಂದ ಅಲ್ಲಿನ 314 ಎಕರೆ ಅವರಿಗೆ ಮರಳಿತು. ಸಾವಿರ ಅಡಿ ಏರಿದರೆ ಎರಡು ಡಿಗ್ರಿಯಷ್ಟು ತಂಪು ಎಂಬುದನ್ನು ವ್ಯಾನಿನವರು ಅವರಿಂದ ಕಲಿಯಬೇಕು. ಸೋಲಾರ್ ಫಲಕದ ಬಲದ ಮೇಲೆ ರಾತ್ರಿಯಿಡೀ ಎ.ಸಿ. ಓಡುವುದಿಲ್ಲ, ಚಕ್ರಗಳೇ ನಮ್ಮ ಎ.ಸಿ.

ಕೊನೆಯ ರಾತ್ರಿ ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳಿಗೆ ಹತ್ತಿರದ ಸ್ಟವ್‌ಪೈಪ್ ವೆಲ್ಸ್‌ನಲ್ಲಿ ತಂಗಿದೆವು. ಗಾಳಿ ವ್ಯಾನನ್ನು ತೊಟ್ಟಿಲಿನಂತೆ ತೂಗಿತು. ಮೂರು ಗಂಟೆಗೆ ಎದ್ದು ಬಾಗಿಲು ಸರಿಸಿದರೆ ಗಾಳಿ ನಿಂತಿತ್ತು, ತಲೆಯ ಮೇಲೆ ಆಕಾಶಗಂಗೆ. ಬೆಳಗಿನ ಜಾವ ದಿಬ್ಬ ಹತ್ತಿದಾಗ ಅಲ್ಲಿ ನಮಗಿಂತ ಮೊದಲು ಬಂದಿದ್ದದ್ದು ಒಂದು ನರಿಯ ಹೆಜ್ಜೆ ಮಾತ್ರ. ದೂರದ ಹೋಟೆಲಿನಿಂದ ತಿಂಡಿ ಮುಗಿಸಿ ಜನ ಬಂದದ್ದು ಒಂಬತ್ತಕ್ಕೆ. ಅಷ್ಟರಲ್ಲಿ ನೆರಳೆಲ್ಲ ಕರಗಿ ಮರಳು ಬರಿಯ ಮರಳಾಗಿತ್ತು. ವ್ಯಾನಿಗೆ ಕೊಟ್ಟ ಬಾಡಿಗೆ ಆ ಎರಡು ಗಂಟೆಗೇ ಸಂದಾಯವಾಯಿತೆಂದು ನನ್ನ ಲೆಕ್ಕ.

ಹೊರಡುವವರು ನವೆಂಬರಿನಿಂದ ಮಾರ್ಚಿನೊಳಗೆ ಹೊರಡಿ. ಫರ್ನೇಸ್ ಕ್ರೀಕ್‌ನಲ್ಲಿ ಜಾಗ ಆರು ತಿಂಗಳು ಮುಂಚೆಯೇ ಕಾಯ್ದಿರಿಸಬಹುದು. ಫೆಬ್ರವರಿ ಬೇಕೆಂದರೆ ಆಗಸ್ಟಿನಲ್ಲೇ ಕಂಪ್ಯೂಟರ್ ಮುಂದೆ ಕೂರಬೇಕು. ಮತ್ತೆ, ಅಕ್ಕಿಯನ್ನು ಮನೆಯಲ್ಲೇ ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿ, ಡಬ್ಬಿಗೆ ತುಂಬಿಕೊಂಡು ಹೋಗಿ.