ಬೇಸ್‌ಮೆಂಟಿನ ತೇವ ಮತ್ತು ಸಿಮೆಂಟಿನ ಮೇಲಿನ ನಂಬಿಕೆ

ತಮಿಳುನಾಡಿನ ತಾಳವಾಡಿ ಬೆಟ್ಟಸೀಮೆಯಲ್ಲಿ, ಪಣಕಹಳ್ಳಿಯಂಥ ಊರುಗಳಲ್ಲಿ, ಹಿಂಗಾರು ಮುಗಿದ ಮೇಲೆ ಗಾರೆಯವರಿಗೆ ಬಿಡುವಿರುವುದಿಲ್ಲ. ಬೇಸ್‌ಮೆಂಟಿಗೆ, ಅಂದರೆ ನೆಲದಿಂದ ಮೇಲೆದ್ದ ಪಾಯದ ಭಾಗಕ್ಕೆ, ತೇವ ಹತ್ತಿ ಅದರ ಮೇಲಿನ ಗೋಡೆ ಪುಡಿಪುಡಿಯಾಗಿ ಉದುರುವ ಮನೆಗಳು ಒಂದೆರಡಲ್ಲ. ಎಲ್ಲ ಕಡೆ ಮದ್ದು ಒಂದೇ: ಹಳೆಯ ಗಾರೆ ಕೆತ್ತಿ ತೆಗೆದು, ವಾಟರ್‌ಪ್ರೂಫ್ ದ್ರಾವಣ ಬೆರೆಸಿದ ಸಿಮೆಂಟಿನಲ್ಲಿ ಮೂರಡಿ ಎತ್ತರಕ್ಕೆ ಹೊಸ ಪ್ಲಾಸ್ಟರ್. ಕೈಯಲ್ಲಿ ಇನ್ನಷ್ಟು ಕಾಸಿದ್ದರೆ ಅದರ ಮೇಲೆ ಟೈಲ್ಸ್. ಈ ರೂಢಿ ಹಣವನ್ನೂ ತಿನ್ನುತ್ತದೆ, ಗೋಡೆಯನ್ನೂ ಕೆಡಿಸುತ್ತದೆ. ಅದನ್ನು ಇಲ್ಲಿಗೆ ನಿಲ್ಲಿಸಬೇಕು ಎನ್ನುವುದು ನನ್ನ ವಾದ.

ಪಣಕಹಳ್ಳಿಯಲ್ಲಿ ನೋಡಿದ ಒಂದು ಗೋಡೆಯನ್ನೇ ತೆಗೆದುಕೊಳ್ಳೋಣ. ಕೆಳಗಿನ ಮೂರಡಿ ಸಿಮೆಂಟು ಗಟ್ಟಿಯಾಗಿದೆ, ನುಣುಪಾಗಿದೆ, ಬೆರಳಲ್ಲಿ ತಟ್ಟಿದರೆ ಕೆಲವು ಕಡೆ ಮಾತ್ರ ಟೊಳ್ಳು ಸದ್ದು. ಆದರೆ ಆ ಸಿಮೆಂಟು ಮುಗಿಯುವ ಗೆರೆಯ ಮೇಲೆ ಅಂಗೈ ಅಗಲಕ್ಕೆ ಬಣ್ಣ ಬೊಬ್ಬೆ ಎದ್ದಿದೆ. ಬೊಬ್ಬೆಯನ್ನು ಉಗುರಿನಿಂದ ಬಿಡಿಸಿದರೆ ಒಳಗೆ ಬಿಳಿ ಉಪ್ಪಿನ ಪುಡಿ, ಅದರ ಹಿಂದೆ ಮೆತ್ತಗಾದ ಇಟ್ಟಿಗೆ. ಮೊದಲು ಮೊಣಕಾಲಿನ ಮಟ್ಟದಲ್ಲಿದ್ದ ತೇವ ಈಗ ಸೊಂಟದ ಮಟ್ಟಕ್ಕೆ ಬಂದಿದೆ. ರಿಪೇರಿ ಮಾಡಿದ ಜಾಗವಷ್ಟೇ ಚೆನ್ನಾಗಿ ಕಾಣುತ್ತಿದೆ. ರೋಗ ಮೇಲಕ್ಕೆ ಹತ್ತಿದೆ.

ಇದಕ್ಕೆ ಕಾರಣ ಸರಳ. ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಇಟ್ಟಿಗೆ ನೆಲದ ನೀರನ್ನು ಎಳೆದುಕೊಳ್ಳುತ್ತದೆ. ಸಾಧಾರಣ ಸುಟ್ಟ ಇಟ್ಟಿಗೆ ತನ್ನ ತೂಕದ ಶೇ. 20ರವರೆಗೆ ನೀರು ಹೀರಬಹುದೆಂದು ನಮ್ಮ ದೇಶದ ಮಾನದಂಡವೇ ಒಪ್ಪುತ್ತದೆ. ಮೂರು ಕಿಲೋ ಇಟ್ಟಿಗೆಗೆ ಅರ್ಧ ಲೀಟರಿಗಿಂತ ಹೆಚ್ಚು ನೀರು. ಹೀರಿದ ನೀರು ಗೋಡೆಯ ಮೈಯಿಂದ ಆರಿ ಹೋಗುತ್ತಿರಬೇಕು. ದಪ್ಪ ಸಿಮೆಂಟು ಆ ಆರುವ ಬಾಗಿಲನ್ನೇ ಮುಚ್ಚುತ್ತದೆ. ಆಗ ನೀರು ಹೊರಬರಲು ಜಾಗ ಹುಡುಕುತ್ತಾ ಮೇಲೇರುತ್ತದೆ. ಟೈಲ್ಸ್ ಹಾಕಿಸಿದವರ ಮನೆಯಲ್ಲೂ ಇದೇ ಆಗುತ್ತದೆ, ಕಣ್ಣಿಗೆ ಬೀಳುವುದು ತಡವಾಗುತ್ತದೆ ಅಷ್ಟೆ.

ಹಾಗಾದರೆ ನೀರು ಬರುವುದು ಎಲ್ಲಿಂದ? ಈ ಪ್ರಶ್ನೆಯನ್ನು ಕೇಳದೆ ಕರಣೆ ಹಿಡಿಯುವುದೇ ಈ ರೂಢಿಯ ದೊಡ್ಡ ದೋಷ. ಉತ್ತರ ಹುಡುಕಲು ಯಂತ್ರ ಬೇಡ, ತಾಳ್ಮೆ ಬೇಕು. ತೇವ ಒಂದೇ ಸಮನಾದ ಪಟ್ಟಿಯಾಗಿ ಸುಮಾರು ಮೂರಡಿಯೊಳಗೆ ನಿಂತಿದ್ದರೆ ಅದು ನೆಲದಿಂದ ಏರಿದ್ದು. ಒಂದು ಮೂಲೆಯಲ್ಲಿ ಮಾತ್ರವಿದ್ದರೆ ಆ ಮೂಲೆಯ ಸೂರನ್ನು, ಪೈಪನ್ನು ನೋಡಬೇಕು. ಬೇಸಿಗೆಯಲ್ಲೂ ಆರದಿದ್ದರೆ ಬಚ್ಚಲ ನೀರೋ, ಒಡೆದ ಕೊಳವೆಯೋ, ಹತ್ತಿರದ ಇಂಗುಗುಂಡಿಯೋ ಕಾರಣವಿರಬೇಕು. ಇನ್ನೂ ಅನುಮಾನವಿದ್ದರೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆ ಕಟ್ಟಿದರೆ ಅದು ಒಲೆಯ ಹಬೆ, ಉಸಿರು, ಒಣಹಾಕಿದ ಬಟ್ಟೆಯ ತೇವ. ಎರಡನೆಯದಕ್ಕೆ ಕಿಟಕಿ ತೆರೆಯುವುದೇ ಮದ್ದು.

ನಮ್ಮ ಕಡೆ ಹೆಚ್ಚು ಮನೆಗಳನ್ನು ಕೆಡಿಸುವುದು ಸೂರಿನ ನೀರು. ತಮಿಳುನಾಡು ಸರ್ಕಾರ 2024ರಲ್ಲಿ ತಂದ ಕಲೈಞರ್ ಕನವು ಇಲ್ಲಂ ಯೋಜನೆಯ ಮನೆಯ ಅಳತೆ 360 ಚದರಡಿ. ಅಷ್ಟಗಲದ ಸೂರಿನ ಮೇಲೆ ಅಕ್ಟೋಬರಿನ ಒಂದು ಜೋರು ಮಳೆ 50 ಮಿಲಿಮೀಟರ್ ಸುರಿದರೆ 1,600 ಲೀಟರಿಗೂ ಹೆಚ್ಚು ನೀರು. ದೋಣಿಯಿಲ್ಲದ ಸೂರಿನಿಂದ ಅದಷ್ಟೂ ಬೀಳುವುದು ಗೋಡೆಯ ಬುಡಕ್ಕೆ. ಅಲ್ಲಿ ಹೊರಕ್ಕೆ ಇಳಿಜಾರಿನ ಕಟ್ಟೆ ಇಲ್ಲದಿದ್ದರೆ ಪಾಯ ಕುಡಿದೇ ಕುಡಿಯುತ್ತದೆ.

ಎರಡನೆಯದು ಬೀದಿ. ಹಳೆಯ ರಸ್ತೆ ಅಗೆಯದೆ ಅದರ ಮೇಲೇ ಮತ್ತೊಂದು ಕಾಂಕ್ರೀಟು ಹಾಕುತ್ತಾ ಹೋದರೆ ಮನೆ ತಗ್ಗಿಗೆ ಬೀಳುತ್ತದೆ. ಸುತ್ತಲಿನ ನೆಲಕ್ಕಿಂತ ಬೇಸ್‌ಮೆಂಟ್ ಕನಿಷ್ಠ 450 ಮಿಲಿಮೀಟರ್ ಎತ್ತರ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬೀದಿ ಏರಿದಾಗ ಆ ಎತ್ತರ ಕಾಗದದಲ್ಲಿ ಉಳಿಯುತ್ತದೆ. 2021ರ ಮೇ ತಿಂಗಳಲ್ಲಿ ತಮಿಳುನಾಡಿನ ಅಂದಿನ ಮುಖ್ಯ ಕಾರ್ಯದರ್ಶಿ ವಿ. ಇರೈ ಅನ್ಬು, ಹಳೆಯ ಪದರ ಕೆತ್ತಿ ತೆಗೆದ ಮೇಲೆಯೇ ಹೊಸ ರಸ್ತೆ ಹಾಕಬೇಕೆಂದು ಆದೇಶಿಸಿದ್ದರು. ಈ ಮಾತು ಪಟ್ಟಣದ ಡಾಂಬರು ರಸ್ತೆಗೆ ಎಷ್ಟು ಬೇಕೋ ಹಳ್ಳಿಯ ಕಾಂಕ್ರೀಟು ಬೀದಿಗೂ ಅಷ್ಟೇ ಬೇಕು.

ಹಳೆಯ ಕಟ್ಟುವ ಕ್ರಮ ಈ ವಿಷಯದಲ್ಲಿ ಜಾಣತನ ತೋರಿತ್ತು. ಎತ್ತರದ ಕಲ್ಲಿನ ಬೇಸ್‌ಮೆಂಟ್, ಗೋಡೆಯ ಮುಂದೆ ಜಗುಲಿ, ಜಗುಲಿಯನ್ನೂ ದಾಟಿ ಚಾಚಿದ ಸೂರು: ಮಳೆ ನೀರು ಗೋಡೆಯಿಂದ ಮೂರು ನಾಲ್ಕು ಅಡಿ ಆಚೆ ಬೀಳುತ್ತಿತ್ತು. ಹಳೇ ಮೈಸೂರು ಸೀಮೆಯ ಜನ ನೆಲದೊಳಗಿನ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಟ್ಟವರು. ನೀರು ನಿಲ್ಲದ ಏರು ಜಾಗ ಹುಡುಕುವುದೇ ಅವರ ಮೊದಲ ಕೆಲಸವಾಗಿತ್ತು. ಹಾಗೆಂದು ಹಳೆಯದೆಲ್ಲ ಸರಿಯಿತ್ತು ಎನ್ನಲಾಗದು. ಮನೆಯೊಳಗಿನ ಕೊಟ್ಟಿಗೆಯ ಗಂಜಲ ಗೋಡೆಗೆ ಉಪ್ಪು ತುಂಬಿಸುತ್ತಿತ್ತು, ಬಚ್ಚಲ ನೀರು ಹಿತ್ತಲ ಗೋಡೆಯ ಬುಡದಲ್ಲೇ ನಿಲ್ಲುತ್ತಿತ್ತು, ಪಾಯಕ್ಕೂ ಗೋಡೆಗೂ ನಡುವೆ ತೇವ ತಡೆಯುವ ಪದರವೆಂಬುದು ಮಣ್ಣಿನ ಮನೆಗಳಲ್ಲಿ ಇರಲಿಲ್ಲ. ಆ ಪದರ, ಗಾರೆಯವರು ಡಿಪಿಸಿ ಎನ್ನುವ ಒಂದೂವರೆ ಇಂಚಿನ ಕಾಂಕ್ರೀಟು ಪಟ್ಟಿ, ಹೊಸ ಕಾಲದ ನಿಜವಾದ ಕೊಡುಗೆ. ಜಗುಲಿಯನ್ನೂ ಚಾಚಿದ ಸೂರನ್ನೂ ಬಿಟ್ಟ ಹೊಸ ಮನೆಗಳಲ್ಲಿ ಇದನ್ನೂ ಹಲವರು ಉಳಿತಾಯದ ಹೆಸರಿನಲ್ಲಿ ಬಿಡುತ್ತಾರೆ.

ತಪ್ಪನ್ನು ಗಾರೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರಿಗೆ ಕೂಲಿ ಸಿಗುವುದು ಬಳಿದ ಚದರಡಿಗೆ, ಕಾರಣ ಹುಡುಕಿದ್ದಕ್ಕಲ್ಲ. ಸರ್ಕಾರಿ ಮನೆಯ ಹಣವೂ ಬೇಸ್‌ಮೆಂಟ್, ಲಿಂಟಲ್, ಸೂರು ಎಂದು ಹಂತಹಂತವಾಗಿ ಬರುತ್ತದೆ. ಬೇಸ್‌ಮೆಂಟಿನ ಕಂತು ಬಿಡುವ ಮುನ್ನ ಡಿಪಿಸಿಯನ್ನೂ, ಮನೆ ಮುಗಿದಾಗ ಸುತ್ತಲಿನ ಇಳಿಜಾರನ್ನೂ ಕಡ್ಡಾಯವಾಗಿ ನೋಡುವಂತಾದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಆಗಲೇ ಕೆಟ್ಟಿರುವ ಮನೆಗೆ ಕೆಲಸದ ಕ್ರಮ ಹೀಗಿರಲಿ. ಸೂರಿಗೆ ದೋಣಿ ಕಟ್ಟಿ ನೀರನ್ನು ದೂರ ಒಯ್ಯುವುದು ಮೊದಲು. ಆಮೇಲೆ ಬೇಸ್‌ಮೆಂಟಿನ ಸುತ್ತ ಪೇರಿಸಿದ ಮಣ್ಣು, ಗೊಬ್ಬರ, ಸೌದೆ ತೆಗೆದು ನೆಲವನ್ನು ಹೊರಕ್ಕೆ ವಾಟ ಮಾಡುವುದು, ಬಚ್ಚಲ ನೀರನ್ನು ಬಾಳೆಯ ಪಾತಿಗೆ ಹರಿಸುವುದು. ಇಷ್ಟಾದ ಮೇಲೆ ಕೆಟ್ಟ ಪ್ಲಾಸ್ಟರ್ ಕೆತ್ತಿ ಗೋಡೆಯನ್ನು ಒಂದು ಬೇಸಿಗೆ ಬರಿಮೈಯಲ್ಲಿ ಬಿಡಬೇಕು. ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕೇ ಹೊರತು ನೀರಲ್ಲಿ ತೊಳೆಯಬಾರದು. ತೊಳೆದರೆ ಅದು ಮತ್ತೆ ಒಳಗೇ ಇಳಿಯುತ್ತದೆ. ಕೊನೆಗೆ ಬಳಿಯಬೇಕಾದದ್ದು ತೇವ ಆರಲು ಬಿಡುವ ಸುಣ್ಣದ ಗಾರೆ. ಸಿಮೆಂಟಿಗೂ ಇಲ್ಲಿ ಗೌರವದ ಜಾಗವಿದೆ: ಡಿಪಿಸಿಯಲ್ಲಿ, ಹೊರಗಿನ ಇಳಿಜಾರು ಕಟ್ಟೆಯಲ್ಲಿ, ಚರಂಡಿಯಲ್ಲಿ.

ಇದಕ್ಕೆ ತಗಲುವ ಖರ್ಚು ಮೂರಡಿ ಪ್ಲಾಸ್ಟರನ್ನು ಮತ್ತೆ ಮತ್ತೆ ಮಾಡಿಸುವುದಕ್ಕಿಂತ ಹೆಚ್ಚೇನಲ್ಲ. ತೇವದ ಗೋಡೆಗೆ ಒರಗಿಸಿದ ಜೋಳದ ಮೂಟೆಗೆ ಬೂಷ್ಟು ಹಿಡಿಯುತ್ತದೆ, ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಮುದುಕರಿಗೂ ಕೆಮ್ಮು ಬಿಡುವುದಿಲ್ಲ. ಆದ್ದರಿಂದ ಮನೆಯವರು ಮೊದಲ ರೂಪಾಯಿಯನ್ನು ಗೋಡೆಯ ಹೊರಗೆ ಖರ್ಚು ಮಾಡಲಿ, ಪಂಚಾಯಿತಿ ಬೀದಿಯ ಮಟ್ಟ ಏರಿಸುವ ಮುನ್ನ ಅಕ್ಕಪಕ್ಕದ ಹೊಸ್ತಿಲುಗಳನ್ನು ಅಳೆಯಲಿ.