ಎಲ್ಲವನ್ನೂ ಥೈರಾಯ್ಡಿನ ತಲೆಗೆ ಕಟ್ಟಬೇಡಿ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಮದುವೆಯಾಗಿ ವರ್ಷ ತುಂಬುವ ಮೊದಲೇ ಸೊಸೆಗೆ ಕೇಳುವ ಪ್ರಶ್ನೆ ಒಂದೇ: "ಏನರ ವಿಶೇಷ ಅದಾ?" ಇಲ್ಲವೆಂದರೆ ರಕ್ತಪರೀಕ್ಷೆ. ಚೀಟಿಯಲ್ಲಿ ಟಿಎಸ್‌ಎಚ್ ಐದೋ ಆರೋ ಎಂದು ಬಂತೆಂದರೆ ಮನೆಮಂದಿ ತೀರ್ಪು ಕೊಟ್ಟೇಬಿಡುತ್ತಾರೆ: "ಥೈರಾಯ್ಡ್ ಅದಾ, ಅದಕ್ಕೇ ಮಕ್ಕಳಾಗವಲ್ವು." ಈ ಮಾತು ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಎಂದೋ ತಿದ್ದಿರುತ್ತಿದ್ದರು. ಅರ್ಧ ನಿಜವಾಗಿರುವುದರಿಂದಲೇ ಅದು ಇಷ್ಟು ಗಟ್ಟಿಯಾಗಿ ಬೇರೂರಿದೆ.

ನಿಜದ ಭಾಗ ಇಷ್ಟು. ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಸುರಿಸದಿದ್ದರೆ ಮಿದುಳು ಅದನ್ನು ಎಬ್ಬಿಸಲು ನೋಡುತ್ತದೆ. ಎಬ್ಬಿಸುವ ಹಾರ್ಮೋನಾದ ಟಿಎಸ್‌ಎಚ್ ಏರುವುದು ಆಗ. ಆ ಎಬ್ಬಿಸುವ ಯತ್ನದಲ್ಲೇ ಪ್ರೊಲ್ಯಾಕ್ಟಿನ್ ಕೂಡ ಏರಬಹುದು. ಎದೆಹಾಲಿಗೆ ಕಾರಣವಾಗುವ ಈ ಹಾರ್ಮೋನು ಹೆಚ್ಚಾದರೆ ಅಂಡಾಣು ಬಿಡುಗಡೆಯಾಗುವುದು ತಪ್ಪುತ್ತದೆ, ಮುಟ್ಟು ಹಿಂದುಮುಂದಾಗುತ್ತದೆ. ಕೊರತೆ ತೀವ್ರವಾಗಿದ್ದರೆ ನಿಂತ ಗರ್ಭ ಇಳಿಯುವ ಸಂಭವವೂ ಹೆಚ್ಚು. ಆದರೆ ಮಕ್ಕಳಾಗದಿರಲು ಇರುವ ಕಾರಣಗಳಲ್ಲಿ ಇಷ್ಟು ಸುಲಭವಾಗಿ ಸರಿಪಡಿಸಬಹುದಾದದ್ದು ಇನ್ನೊಂದು ಸಿಗುವುದು ಕಷ್ಟ. ದೇಹ ತಾನೇ ತಯಾರಿಸಬೇಕಿದ್ದ ಹಾರ್ಮೋನನ್ನು ಲೆವೊಥೈರಾಕ್ಸಿನ್ ಎಂಬ ಅಗ್ಗದ ಗುಳಿಗೆಯಾಗಿ ನುಂಗುವುದು, ಆರೆಂಟು ವಾರಕ್ಕೆ ಮತ್ತೆ ರಕ್ತ ತೋರಿಸಿ ಪ್ರಮಾಣ ಸರಿಮಾಡಿಕೊಳ್ಳುವುದು, ಇಷ್ಟೇ ಚಿಕಿತ್ಸೆ. ಹೀಗಿರುವಾಗ "ಹುಡುಗಿಗೆ ಥೈರಾಯ್ಡ್ ಅದಾ" ಎಂದು ಸಂಬಂಧ ಮುರಿಯುವುದಕ್ಕೆ ವೈದ್ಯಶಾಸ್ತ್ರದ ಆಸರೆಯೇ ಇಲ್ಲ.

ಇನ್ನರ್ಧ ಕೆಟ್ಟಿರುವುದು ಸಣ್ಣ ಏರಿಕೆಯನ್ನೂ ದೊಡ್ಡ ಕಾಯಿಲೆಯ ಸಾಲಿಗೆ ಸೇರಿಸುವುದರಿಂದ. 2011ರಲ್ಲಿ ಅಮೆರಿಕದ ಥೈರಾಯ್ಡ್ ತಜ್ಞರ ಸಂಘ, ಗರ್ಭದ ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ 2.5 ದಾಟಬಾರದು ಎಂದಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯೂ ಅದನ್ನೇ ಹಿಡಿಯಿತು. 2017ರಲ್ಲಿ ಅದೇ ಸಂಘ, ಆಯಾ ಜನಸಮುದಾಯದ್ದೇ ಅಳತೆ ಇಲ್ಲದಿದ್ದರೆ ಮಿತಿಯನ್ನು 4ರ ಸುಮಾರಿಗೆ ಇಟ್ಟುಕೊಳ್ಳಬಹುದು ಎಂದು ತಿದ್ದಿಕೊಂಡಿತು. ತಜ್ಞರೇ ಸರಿಸಿದ ಈ ಗೆರೆಯನ್ನು ನಾವು ಹಣೆಬರಹದಂತೆ ಓದುತ್ತಿದ್ದೇವೆ. ಟಿಎಸ್‌ಎಚ್ ಒಂದೇ ದಿನದಲ್ಲಿ ಏರಿಳಿಯುತ್ತದೆ. ಜ್ವರದಿಂದ ಚೇತರಿಸಿಕೊಳ್ಳುವಾಗಲೂ ಹೆಚ್ಚಿರಬಹುದು. ಅಲ್ಪ ಏರಿಕೆ ಕಂಡಾಗ ಮತ್ತೊಮ್ಮೆ ನೋಡಬೇಕು, ಜೊತೆಗೆ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಕೂಡ ನೋಡಬೇಕು.

ಲೆಕ್ಕದ ಇನ್ನೊಂದು ಮಾತಿದೆ. ಬೆಂಗಳೂರು, ಹೈದರಾಬಾದೂ ಸೇರಿ ಎಂಟು ನಗರಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರು ವಯಸ್ಕರಲ್ಲಿ ಸುಮಾರು 11 ಮಂದಿಗೆ ಥೈರಾಯ್ಡ್ ಕೊರತೆ ಕಂಡಿತ್ತು. ಗಂಡಸರಿಗಿಂತ ಹೆಂಗಸರಲ್ಲೇ ಅದು ಹೆಚ್ಚು. ಇಷ್ಟು ಸಾಮಾನ್ಯವಾದದ್ದು ಮಕ್ಕಳಿದ್ದವರಲ್ಲೂ ಸಿಗುತ್ತದೆ, ಇಲ್ಲದವರಲ್ಲೂ ಸಿಗುತ್ತದೆ. ಮೂರು ಹೆತ್ತ ಓರಗಿತ್ತಿಯ ರಕ್ತವನ್ನು ಯಾರೂ ಪರೀಕ್ಷಿಸುವುದಿಲ್ಲ, ಅಷ್ಟೇ. ಟಿಎಸ್‌ಎಚ್ ಸಹಜವಿದ್ದು ಥೈರಾಯ್ಡ್ ವಿರೋಧಿ ಪ್ರತಿಕಾಯಗಳಷ್ಟೇ ಇರುವವರಿಗೂ ಗುಳಿಗೆ ಕೊಡುವ ರೂಢಿಯನ್ನು ಬ್ರಿಟನ್ನಿನಲ್ಲಿ ಒರೆಗೆ ಹಚ್ಚಿದರು. 2019ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿದ್ದವರು ಗರ್ಭಪಾತವಾದ ಅಥವಾ ಮಕ್ಕಳಾಗದ 952 ಮಹಿಳೆಯರು. ಗುಳಿಗೆ ನುಂಗಿದವರಲ್ಲಿ ಶೇ. 37.4 ಮಂದಿಗೆ, ಹುಸಿಗುಳಿಗೆ ನುಂಗಿದವರಲ್ಲಿ ಶೇ. 37.9 ಮಂದಿಗೆ ಜೀವಂತ ಮಗು ಹುಟ್ಟಿತು. ಹಾಗೆಂದು ವೈದ್ಯರು ಬರೆದ ಗುಳಿಗೆಯನ್ನು ಯಾರೂ ತಾವಾಗಿ ಬಿಡಬಾರದು. ಮಗುವಿಗಾಗಿ ಕಾಯುತ್ತಿರುವವಳ ಟಿಎಸ್‌ಎಚ್ ಮೇಲಿನ ಮಿತಿ ದಾಟಿದ್ದರೆ ಸಣ್ಣ ಪ್ರಮಾಣದ ಔಷಧಿ ಕೊಡುವುದಕ್ಕೆ ಅರ್ಥವಿದೆ. ನನ್ನ ತಕರಾರಿರುವುದು ಗುಳಿಗೆಯ ಬಗ್ಗೆ ಅಲ್ಲ, ಗುಳಿಗೆ ಬರೆದ ಮೇಲೆ ಹುಡುಕಾಟ ನಿಂತುಬಿಡುವುದರ ಬಗ್ಗೆ.

ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಗಂಡಿನ ಪಾಲೂ ಇರುತ್ತದೆ. ನಮ್ಮದು ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ, ಶಹಾಬಾದದ ಕಲ್ಲುಗಣಿಗಳ ಸೀಮೆ. ವೃಷಣಗಳು ದೇಹಕ್ಕಿಂತ ತುಸು ತಂಪಾಗಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ಬೆಳೆಯುತ್ತವೆ. ದಿನವಿಡೀ ಕಾವಿನೆದುರು ದುಡಿಯುವುದು ಅವಕ್ಕೆ ಒಳ್ಳೆಯದಲ್ಲ. ಬೀಡಿ, ಗುಟ್ಕಾ ಕೂಡ ಅಷ್ಟೇ. ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ. ಆದರೂ ಸೊಸೆಯನ್ನು ಕಲಬುರಗಿಗೆ, ಅಲ್ಲಿಂದ ಹೈದರಾಬಾದಿಗೆ ಕರೆದೊಯ್ಯುವ ಮನೆಗಳಲ್ಲಿ ಫೈಲು ಹಿಡಿದು ಜೊತೆಗೆ ಹೋಗುವ ಗಂಡನ ಹೆಸರಿನ ಒಂದು ಚೀಟಿಯೂ ಆ ಫೈಲಿನೊಳಗೆ ಇರುವುದಿಲ್ಲ. ಅವಳಲ್ಲೂ ಥೈರಾಯ್ಡಿನಾಚೆ ಯಾರೂ ಹುಡುಕುವುದಿಲ್ಲ; ಕ್ಷಯದಿಂದ ಮುಚ್ಚಿದ ಗರ್ಭನಾಳವಾಗಲಿ ಅಂಡಾಶಯದ ಪಿಸಿಒಡಿ ತೊಂದರೆಯಾಗಲಿ ಗೊತ್ತಾಗುವ ಹೊತ್ತಿಗೆ ವಯಸ್ಸು ದಾಟಿರುತ್ತದೆ.

"ಬಂಜೆ ಅನ್ನಿಸಿಕೊಳ್ಳುವುದಕ್ಕಿಂತ ಥೈರಾಯ್ಡ್ ಅನ್ನಿಸಿಕೊಳ್ಳುವುದು ವಾಸಿಯಲ್ಲವೇ?" ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಕರುಣೆಯಿದೆ. ನೆರೆಮನೆಯವರ ಬಾಯಿ ಅಷ್ಟರಮಟ್ಟಿಗೆ ಮುಚ್ಚುತ್ತದೆ ಎನ್ನುವುದೂ ನಿಜ. ಆದರೆ ದೋಷ ಅವಳ ಮೈಯಲ್ಲೇ ಉಳಿಯಿತಲ್ಲ! ಗುಳಿಗೆ ತಿಂದೂ ಮಗುವಾಗದಿದ್ದರೆ ಎರಡನೇ ಮದುವೆಯ ಮಾತೆತ್ತುವವರಿಗೆ ಅದೇ ಚೀಟಿ ಸಾಕ್ಷಿಯಾಗುತ್ತದೆ.

ಪಥ್ಯದ್ದೂ ಇದೇ ಕಥೆ. ಕೋಸು ಬೇಡ, ಎಳ್ಳಮಾಸಿಗೆ ಸಜ್ಜೆ ರೊಟ್ಟಿ ಬೇಡ ಎನ್ನುತ್ತಾರೆ. ಥೈರಾಯ್ಡಿಗೆ ಅಡ್ಡಬರುವ ಅಂಶ ಇವುಗಳಲ್ಲಿರುವುದು ಹೌದು. ಆದರೆ ಅಯೋಡಿನ್ ಕೊರತೆಯಿರುವ ಕಡೆ, ದಿನಾ ಅದನ್ನೇ ತಿಂದರೆ ಮಾತ್ರ ಅದು ದೊಡ್ಡ ಸಂಗತಿ. ಹಬ್ಬದ ರೊಟ್ಟಿ, ಬೇಯಿಸಿದ ಪಲ್ಯ ಯಾರ ಗರ್ಭವನ್ನೂ ತಡೆದಿಲ್ಲ. ಅದರ ಬದಲು ಆರೋಗ್ಯದ ಹೆಸರಿನಲ್ಲಿ ಅಯೋಡಿನ್ ಬೆರೆಸದ ಸೈಂಧವ ಲವಣಕ್ಕೆ ಬದಲಾಗುವುದನ್ನು ಪ್ರಶ್ನಿಸಬೇಕು. ಬಸುರಿಗೆ ಉಳಿದವರಿಗಿಂತ ಹೆಚ್ಚು ಅಯೋಡಿನ್ ಬೇಕು.

ಈ ನಂಬಿಕೆಯ ಅತಿ ದೊಡ್ಡ ಹಾನಿ ಕಾಣುವುದು ಗರ್ಭ ನಿಂತ ಮೇಲೆ. ಥೈರಾಯ್ಡ್ ಎಂದರೆ ಮಕ್ಕಳಾಗದ ರೋಗ ಎಂದುಕೊಂಡವರಿಗೆ, ಬಸುರಾದ ಕೂಡಲೇ ರೋಗ ಹೋಯಿತು ಅನ್ನಿಸುತ್ತದೆ. "ಗುಳಿಗಿ ಉಷ್ಣ, ಇನ್ನ ಬಿಡು" ಎಂದು ಹಿರಿಯರು ನಿಲ್ಲಿಸುತ್ತಾರೆ. ನಡೆಯಬೇಕಾದದ್ದು ಸರಿಯಾಗಿ ಇದರ ವಿರುದ್ಧ. ಮೊದಲ ವಾರಗಳಲ್ಲೇ ಹಾರ್ಮೋನಿನ ಬೇಡಿಕೆ ಕಾಲುಭಾಗಕ್ಕೂ ಹೆಚ್ಚು ಏರುತ್ತದೆ. ಮೊದಲ ಮೂರು ತಿಂಗಳು ಕೂಸಿನ ಮಿದುಳು ನೆಚ್ಚಿಕೊಂಡಿರುವುದು ತಾಯಿಯ ಹಾರ್ಮೋನನ್ನೇ. ಮುಟ್ಟು ನಿಂತ ವಾರದಲ್ಲೇ ವೈದ್ಯರನ್ನು ಕಂಡು ಪ್ರಮಾಣ ಹೆಚ್ಚಿಸಿಕೊಳ್ಳಬೇಕು. ಗುಳಿಗೆಯನ್ನು ಬರಿಹೊಟ್ಟೆಯಲ್ಲಿ, ಚಹಾಕ್ಕಿಂತ ಅರ್ಧ ಗಂಟೆಗೂ ಮೊದಲು ನುಂಗಬೇಕು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗೆ ನಾಲ್ಕು ಗಂಟೆ ಅಂತರವಿರಬೇಕು. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಗುಳಿಗೆ ಸರಿಯಾಗಿ ಮೈಗೆ ಹತ್ತುವುದಿಲ್ಲ. "ಗುಳಿಗಿ ತಿಂದ್ರೂ ಕಡಿಮಿ ಆಗವಲ್ದು" ಎನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲ ಭೇಟಿಯಲ್ಲೇ ಗಂಡ–ಹೆಂಡತಿ ಇಬ್ಬರಿಗೂ ಪರೀಕ್ಷೆ ಬರೆಯುವ ಪದ್ಧತಿ ಬರಲಿ. ಅವಳಿಗೆ ಟಿಎಸ್‌ಎಚ್, ಅವನಿಗೆ ವೀರ್ಯ ಪರೀಕ್ಷೆ, ಒಂದೇ ದಿನ. ಒಬ್ಬರದ್ದೇ ಚೀಟಿ ಹಿಡಿದು ಬಂದವರಿಗೆ ಇನ್ನೊಬ್ಬರದ್ದನ್ನೂ ತರಲು ಹೇಳುವಷ್ಟು ಗಟ್ಟಿತನ ವೈದ್ಯರಿಗಿರಲಿ. ಆಮೇಲೆ ಥೈರಾಯ್ಡಿನ ಪಾಲು ಎಷ್ಟೋ ಅಷ್ಟನ್ನು ಮಾತ್ರ ಅದರ ಲೆಕ್ಕಕ್ಕೆ ಬರೆಯೋಣ.